ಗುಳಿಗೆ ಡಬ್ಬಿ: ನಡುವಿನ ಎರಡು ಸಾಲು

ಕಳೆದ ಸಂಚಿಕೆಯ ಈ ಪುಟದಲ್ಲಿ, ಆಗಸ್ಟ್ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇನ್ಸುಲಿನ್ ಪೆನ್ ಇಡಬೇಡಿ ಎಂದು ಬರೆದಿದ್ದೆ. ಅದನ್ನು ಓದಿ ಇಬ್ಬರು ಫೋನ್ ಮಾಡಿದರು. ಒಬ್ಬರು ಥ್ಯಾಂಕ್ಸ್ ಹೇಳಲು, ಇನ್ನೊಬ್ಬರು ಹಾಗಾದರೆ ಡಿಕ್ಕಿಯಲ್ಲಿ ಇಡಬಹುದಾ ಎಂದು ಕೇಳಲು. (ಇಡಬಾರದು.) ಈ ಸಲ ಕಂಪ್ಯೂಟರ್ ಕೋಡಿನ ಬಗ್ಗೆ ಬರೆಯುತ್ತೇನೆ ಎಂದಾಗ ಸಂಪಾದಕರು ಒಂದು ನಿಮಿಷ ಸುಮ್ಮನಿದ್ದು, "ಗುಳಿಗೆ ಡಬ್ಬಿಯಲ್ಲಾ?" ಎಂದರು. ಹೌದು, ಅದರಲ್ಲೇ. ಗುಳಿಗೆಯೂ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ನಾನು ಡಿ.ಫಾರ್ಮಾ ಓದಿದವನು. ಕೋಡ್ ಬರೆಯುವುದು ನನ್ನ ಕೆಲಸವಲ್ಲ. ಆದರೆ ಕೋವಿಡ್ ಕಾಲದಲ್ಲಿ, ರೂಮಿನಿಂದ ಹೊರಗೆ ಹೋಗುವುದಕ್ಕೂ ಹೆದರುತ್ತಿದ್ದ ದಿನಗಳಲ್ಲಿ, ನಮ್ಮವರಲ್ಲಿ ಬಿಪಿ, ಸಕ್ಕರೆ ಕಾಯಿಲೆ ಇದ್ದ ಎಷ್ಟೋ ಮಂದಿ ಮಾತ್ರೆ ತಪ್ಪಿಸುತ್ತಿದ್ದರು. ಶಿಫ್ಟ್ ಡ್ಯೂಟಿ, ಒಂದೇ ರೂಮಿನಲ್ಲಿ ಆರು ಜನ, ನೆನಪಿಸಲು ಮನೆಯವರಿಲ್ಲ. ಆಗ ಗುದೈಬಿಯಾದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಸಾಗರದ ಹುಡುಗನೊಬ್ಬ, ಸಾಫ್ಟ್‌ವೇರ್ ಕಂಪನಿಯಲ್ಲಿ ಬ್ಯಾಕೆಂಡ್ ಕೆಲಸ ಮಾಡುವವನು, "ಅಣ್ಣಾ, ಒಂದು ಸಣ್ಣ ಪ್ರೋಗ್ರಾಂ ಬರೀತೀನಿ, ನೀವು ಔಷಧದ ಲೆಕ್ಕ ಹೇಳಿ" ಎಂದ. ಹೀಗೆ ಶುರುವಾಯಿತು. ಒಪ್ಪಿಗೆ ಚೀಟಿಗೆ ಸಹಿ ಹಾಕಿದವರ ಹೆಸರು, ಮಾತ್ರೆ, ಹೊತ್ತು ಇಷ್ಟನ್ನು ನಮ್ಮ ಸ್ವಯಂಸೇವಕರು ತುಂಬಿಸುತ್ತಾರೆ. ಹೊತ್ತಿಗೆ ಸರಿಯಾಗಿ ಅವರ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗುತ್ತದೆ. ಬ್ಯಾಕೆಂಡ್ ಎಂದರೆ ಅಷ್ಟೇ, ನಮ್ಮ ಕಣ್ಣಿಗೆ ಕಾಣದೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ನಡೆಯುವ ಅಡುಗೆ ಮನೆ. ನಮಗೆ ಕಾಣುವುದು ಬಡಿಸಿದ ಎಲೆ ಮಾತ್ರ.

ವರ್ಷಕ್ಕೊಮ್ಮೆ, ರಂಜಾನ್ ಬರುವ ಮೊದಲು, ಈ ಅಡುಗೆ ಮನೆಯ ಬಾಗಿಲು ತೆರೆಯಲೇಬೇಕು. ಉಪವಾಸ ಮಾಡುವವರ ಮಾತ್ರೆಯ ಹೊತ್ತು ಬದಲಾಗಬೇಕಲ್ಲ. ದಿನಕ್ಕೆ ಒಂದು ಇದ್ದರೆ ಸಾಮಾನ್ಯವಾಗಿ ಇಫ್ತಾರಿಗೆ, ಎರಡು ಇದ್ದರೆ ಇಫ್ತಾರಿಗೆ ಮತ್ತು ಸಹ್ರಿಗೆ. ಮೂರು ಇದ್ದವರನ್ನು ಡಾಕ್ಟರ ಹತ್ತಿರವೇ ಕಳಿಸುತ್ತೇವೆ. ಸಕ್ಕರೆ ಕಾಯಿಲೆಯವರನ್ನು ಎಷ್ಟು ಮಾತ್ರೆ ಇದ್ದರೂ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇವೆ. ಆ ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ, ಹುಡುಗ ಲ್ಯಾಪ್‌ಟಾಪ್ ತೆರೆದು ಕುಳಿತ. ನಾನು ಚಹಾ ಲೋಟ ಹಿಡಿದು ಪಕ್ಕದಲ್ಲಿ.

ಸ್ವಲ್ಪ ಹೊತ್ತಿಗೆ ಅವನು, "ಅಣ್ಣಾ, ಈ ಫಂಕ್ಷನ್ ಯಾಕಿದೆ ಅಂತ ನೆನಪಿದೆಯಾ?" ಎಂದ.

ನನಗೆಲ್ಲಿ ನೆನಪು. ಬರೆದವನಿಗೇ ನೆನಪಿರಲಿಲ್ಲ.

ಫಂಕ್ಷನ್ ಎಂದರೆ ಏನೆಂದು ಅವನು ನನಗೆ ಹಿಂದೆಯೇ ಹೇಳಿಕೊಟ್ಟಿದ್ದ. ನಾನು ಅದನ್ನು ನಮ್ಮ ಅಮ್ಮನ ಅಡುಗೆ ಪುಸ್ತಕದ ಹಾಗೆ ಅರ್ಥ ಮಾಡಿಕೊಂಡಿದ್ದೇನೆ. ಕೋಳಿ ಸುಕ್ಕ, ಸಾಂಬಾರು, ಗಸಿ ಎಲ್ಲದಕ್ಕೂ ಬೇಕಾಗುವ ಮಸಾಲೆಯನ್ನು ಪ್ರತಿ ಪುಟದಲ್ಲೂ ಬರೆಯುವ ಬದಲು ಹದಿನಾಲ್ಕನೇ ಪುಟದಲ್ಲಿ ಒಮ್ಮೆ ಬರೆದು, ಉಳಿದ ಕಡೆ 'ಮಸಾಲೆಗೆ ಹದಿನಾಲ್ಕನೇ ಪುಟ ನೋಡಿ' ಎಂದರೆ ಸಾಕು. ಆ ಹದಿನಾಲ್ಕನೇ ಪುಟವೇ ಸಹಾಯಕ ಫಂಕ್ಷನ್. ಮಸಾಲೆ ಬದಲಾದರೆ ಒಂದೇ ಕಡೆ ತಿದ್ದಿದರಾಯಿತು. ಬಹಳ ಒಳ್ಳೆಯ ಏರ್ಪಾಡು. ಆದರೆ ಒಂದೇ ಒಂದು ಅಡುಗೆಗೆ ಮಾತ್ರ ಬೇಕಾದ್ದನ್ನು ಹದಿನಾಲ್ಕನೇ ಪುಟದಲ್ಲಿ ಬರೆದು, ಅಲ್ಲಿ ಹೋಗಿ ನೋಡಿದರೆ 'ರುಚಿಗೆ ಉಪ್ಪು ಹಾಕಿ' ಎಂದಿಷ್ಟೇ ಇದ್ದರೆ? ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಪುಟ ತಿರುಗಿಸಿದವರಿಗೆ ಸಿಟ್ಟು ಬರುವುದಿಲ್ಲವೇ? ಆಗ ಮಾಡಬೇಕಾದ್ದು, ಆ ಉಪ್ಪಿನ ಸಾಲನ್ನು ತಂದು ಅಡುಗೆಯ ಪುಟದಲ್ಲೇ ಬರೆದು, ಹದಿನಾಲ್ಕನೇ ಪುಟವನ್ನು ಹರಿದು ಹಾಕುವುದು. ಇದಕ್ಕೆ ಅವರ ಭಾಷೆಯಲ್ಲಿ ಇನ್‌ಲೈನ್ ಮಾಡುವುದು ಎನ್ನುತ್ತಾರೆ.

ಇದು ನಮ್ಮ ಹುಡುಗನ ಹೊಸ ಶೋಧವೇನಲ್ಲ. ಮಾರ್ಟಿನ್ ಫೌಲರ್ ಎಂಬವರು 1999ರಲ್ಲಿ ಬರೆದ 'ರಿಫ್ಯಾಕ್ಟರಿಂಗ್' ಎಂಬ ಪುಸ್ತಕದಲ್ಲಿ ಇದಕ್ಕೆ ಹೆಸರು ಕೊಟ್ಟು ವಿವರಿಸಿದ್ದಾರೆ. 2018ರ ಎರಡನೇ ಆವೃತ್ತಿಯಲ್ಲೂ ಅದು ಇದೆ. ಅದೇ ಪುಸ್ತಕದಲ್ಲಿ ಇದರ ಉಲ್ಟಾ ಕೆಲಸವೂ ಇದೆ, ಅಂದರೆ ಉದ್ದದ ಕೋಡಿನಿಂದ ಒಂದು ತುಂಡನ್ನು ಎತ್ತಿ ಬೇರೆ ಫಂಕ್ಷನ್ ಮಾಡುವುದು. ಒಂದೇ ಪುಸ್ತಕದಲ್ಲಿ ಎರಡೂ ಹೇಗೆ ಸರಿ ಎಂದು ನಾನು ಕೇಳಿದೆ. "ಜ್ವರಕ್ಕೂ ಮಾತ್ರೆ ಕೊಡ್ತೀರಿ, ಬಿಪಿ ಕಡಿಮೆಯಾದ್ರೂ ಕೊಡ್ತೀರಿ, ಹಾಗೇ" ಎಂದ. ಸರಿಯಾದ ಉತ್ತರವಲ್ಲ, ಆದರೂ ಬಿಟ್ಟೆ.

ನಮ್ಮ ಪ್ರೋಗ್ರಾಮಿನ ಆ ಫಂಕ್ಷನ್ ಎರಡೇ ಸಾಲು. ಸ್ವಯಂಸೇವಕರು ತುಂಬಿಸಿದ ಚೀಟಿಯ ಸಂಕೇತವನ್ನು, ಅಂದರೆ ಓ.ಡಿ., ಬಿ.ಡಿ., ಟಿ.ಡಿ.ಎಸ್. ಎಂಬುದನ್ನು ಕೊಟ್ಟರೆ, ಅದು ಒಂದು ಪಟ್ಟಿಯಲ್ಲಿ ನೋಡಿ 'ದಿನಕ್ಕೆ ಒಮ್ಮೆ', 'ದಿನಕ್ಕೆ ಎರಡು ಬಾರಿ' ಎಂಬ ಕನ್ನಡ ವಾಕ್ಯವನ್ನೂ ಮೆಸೇಜ್ ಕಳಿಸುವ ಗಂಟೆಯನ್ನೂ ವಾಪಸು ಕೊಡುತ್ತದೆ. ಹಿಂದೆ ಇದನ್ನು ಮೂರು ಕಡೆಯಿಂದ ಕರೆಯಲಾಗುತ್ತಿತ್ತು: ಮೆಸೇಜಿಗೆ, ಆಗ ಪ್ರಿಂಟ್ ಮಾಡುತ್ತಿದ್ದ ಸ್ಟಿಕ್ಕರಿಗೆ, ಸ್ವಯಂಸೇವಕರ ಪಟ್ಟಿಗೆ. ಸ್ಟಿಕ್ಕರ್ ನಿಂತು ವರ್ಷಗಳಾದವು. ಪಟ್ಟಿಯೂ ನಿಂತಿತು. ಉಳಿದದ್ದು ಮೆಸೇಜ್ ಒಂದೇ. ಅದಕ್ಕೆ ಈ ಮಧ್ಯದ ಮೆಟ್ಟಿಲು ಯಾಕೆ ಎಂಬುದು ಅವನ ಪ್ರಶ್ನೆ.

ನಾನು ಒಪ್ಪಲಿಲ್ಲ. ನಮ್ಮ ಫಾರ್ಮಸಿಯಲ್ಲಿ ಒಬ್ಬರು ತೆಗೆದಿಟ್ಟ ಔಷಧವನ್ನು ಇನ್ನೊಬ್ಬರು ನೋಡದೆ ರೋಗಿಯ ಕೈಗೆ ಕೊಡುವುದಿಲ್ಲ. ಕೈರೋದ ಡಾಕ್ಟರು ಬರೆಯುತ್ತಾರೆ, ಮನಿಲಾದ ನರ್ಸು ಓದುತ್ತಾರೆ, ಕುಂದಾಪುರದ ನಾನು ಕೊಡುತ್ತೇನೆ. ಇದರಲ್ಲಿ ಎಷ್ಟು ಕಣ್ಣು ಇದ್ದರೂ ಕಡಿಮೆಯೇ. ಸಂಕೇತಗಳೇ ಎಂಥ ಮೋಸದವು ನೋಡಿ. ಓ.ಡಿ. ಎಂದರೆ ನಮಗೆ ದಿನಕ್ಕೊಂದು. ಕಣ್ಣಿನ ಡಾಕ್ಟರಿಗೆ ಬಲಗಣ್ಣು. ಅಮೆರಿಕದ ಪದ್ಧತಿಯಲ್ಲಿ ಕ್ಯೂ.ಡಿ. ದಿನಕ್ಕೊಂದು, ಕ್ಯೂ.ಐ.ಡಿ. ದಿನಕ್ಕೆ ನಾಲ್ಕು, ನಡುವೆ ಒಂದು ಗೀರಿನ ಅಂತರ. ಅದಕ್ಕೇ ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಕ್ಯೂ.ಡಿ. ಬರೆಯಲೇಬಾರದು ಎಂದು ಪಟ್ಟಿ ಮಾಡಿತು. ಇನ್ನು ಬಿ.ಡಿ. ಅಂತೂ ಬಹರೈನಿನಲ್ಲಿ ದಿನಾರ್ ಕೂಡ ಹೌದು. ಹೊಸದಾಗಿ ಬಂದ ಒಬ್ಬ ಪುಣ್ಯಾತ್ಮ, ಚೀಟಿಯಲ್ಲಿ '1 ಬಿ.ಡಿ.' ನೋಡಿ ಕೌಂಟರಿನಲ್ಲಿ ಒಂದು ದಿನಾರ್ ಇಟ್ಟು ನಿಂತಿದ್ದ.

ಹಾಗಾಗಿ, "ಮಧ್ಯದಲ್ಲಿ ಒಬ್ಬ ಇದ್ದರೆ ಇರಲಿ ಬಿಡು ಮಾರಾಯ" ಎಂದೆ.

"ಅಣ್ಣಾ, ಇವನು ನೋಡೋನಲ್ಲ. ಊರಿನ ಸಬ್ ಏಜೆಂಟ್ ಇದ್ದಾನಲ್ಲ, ಹಾಗೆ. ಈ ಕಡೆ ಇಸ್ಕೊಂಡು ಆ ಕಡೆ ಕೊಡ್ತಾನೆ. ನೋಡೋ ಕೆಲಸ ಮಾಡೋ ಫಂಕ್ಷನ್ ಬೇರೆ ಇದೆ, ಅದನ್ನ ಮುಟ್ಟಲ್ಲ."

ಅವನು ಹೇಳಿದ ಆ ಬೇರೆ ಫಂಕ್ಷನ್ ಸಿ.ಪಿ.ಆರ್. ನಂಬರಿನದು. ನಿಮಗೆಲ್ಲ ಗೊತ್ತಿರುವಂತೆ ನಮ್ಮ ಸಿ.ಪಿ.ಆರ್. ಒಂಬತ್ತು ಅಂಕೆ, ಮೊದಲ ನಾಲ್ಕು ಹುಟ್ಟಿದ ವರ್ಷ ಮತ್ತು ತಿಂಗಳು. 2003ರಲ್ಲಿ ಹುಟ್ಟಿದವನ ನಂಬರ್ ಸೊನ್ನೆಯಿಂದ ಶುರುವಾಗುತ್ತದೆ. ಎಕ್ಸೆಲ್ ಶೀಟಿನಲ್ಲಿ ತುಂಬಿಸಿದರೆ ಆ ಸೊನ್ನೆ ಹಾರಿಹೋಗಿ ಎಂಟೇ ಅಂಕೆ ಉಳಿಯುತ್ತದೆ. ಎಡಗಡೆ ಮತ್ತೆ ಸೊನ್ನೆ ಕೂಡಿಸಿ, ಒಂಬತ್ತು ಆಗಿದೆಯೇ ಎಂದು ನೋಡುವ ಫಂಕ್ಷನ್ ಅದು. ಐದು ಕಡೆಯಿಂದ ಕರೆಯಲಾಗುತ್ತದೆ. ಅದು ಇದ್ದೇ ಇರಲಿ ಎಂಬಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಒಂದೇ ಹೆಸರಿನ ನಾಲ್ಕು ಶೆಟ್ಟರು, ಏಳು ಅಬ್ದುಲ್ಲರು ಇರುವ ಪಟ್ಟಿ ನಮ್ಮದು.

ಎಡಗಡೆ ಸೊನ್ನೆ ಕೂಡಿಸುವ ಮಾತು ಬಂದದ್ದರಿಂದ ಅವನು ಒಂದು ಕತೆ ಹೇಳಿದ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಈ ಕೆಲಸಕ್ಕೆಂದೇ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಪುಟ್ಟ ಕೋಡ್ ಇತ್ತಂತೆ. ತಾವೇ ಬರೆಯುವ ಬದಲು ಜನ ಅದನ್ನು ಎರವಲು ತರುತ್ತಿದ್ದರು. ಅದನ್ನು ತಂದವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. 2016ರ ಮಾರ್ಚ್ 22ರಂದು ಅದನ್ನು ಬರೆದಾತ ಒಂದು ಹೆಸರಿನ ತಕರಾರಿನಲ್ಲಿ ಬೇಸತ್ತು ತನ್ನ ಕೋಡನ್ನೆಲ್ಲ ಎನ್‌ಪಿಎಂ ಎಂಬ ಉಗ್ರಾಣದಿಂದ ವಾಪಸು ತೆಗೆದ. ಲೋಕದ ದೊಡ್ಡ ದೊಡ್ಡ ಕಂಪನಿಗಳ ಕೆಲಸ ಆ ಹನ್ನೊಂದು ಸಾಲಿಗಾಗಿ ನಿಂತುಹೋಯಿತು. ಉಗ್ರಾಣದವರೇ ಕೆಲವು ಗಂಟೆಗಳಲ್ಲಿ ಅದನ್ನು ಮತ್ತೆ ತಂದಿಟ್ಟರು. ಮರುವರ್ಷ ಆ ಸೌಲಭ್ಯ ಭಾಷೆಯೊಳಗೇ ಬಂತು. ನಮ್ಮ ಫಾರ್ಮಸಿ ಕಪಾಟಿನಲ್ಲೂ ಹೀಗೇ ಆಗುವುದುಂಟು. ದೊಡ್ಡ ಮೆಷಿನ್ ಸರಿ ಇರುತ್ತದೆ, ಔಷಧವೂ ಇರುತ್ತದೆ, ಅಳೆಯುವ ಪುಟ್ಟ ಪ್ಲಾಸ್ಟಿಕ್ ಚಮಚ ಖಾಲಿಯಾಗಿರುತ್ತದೆ.

ಇರಲಿ. ಹುಡುಗ ಕೆಲಸ ಶುರು ಮಾಡಿದ. ಅವನ ಕ್ರಮ ನನಗೆ ಇಷ್ಟವಾಯಿತು. ಮೊದಲು ಪಟ್ಟಿಯಲ್ಲಿದ್ದ ಎಲ್ಲರಿಗೂ ನಾಳೆ ಯಾವ ಮೆಸೇಜ್ ಹೋಗಬೇಕು ಎಂಬುದನ್ನು ಒಂದು ಫೈಲಿನಲ್ಲಿ ತೆಗೆದಿಟ್ಟ. ಆಮೇಲೆ ಆ ಎರಡು ಸಾಲನ್ನು ಎತ್ತಿ, ಮೆಸೇಜ್ ಕಳಿಸುವ ಜಾಗದಲ್ಲೇ ಕೂರಿಸಿದ. ಹಳೆಯ ಫಂಕ್ಷನನ್ನು ಅಳಿಸಿದ. ಮತ್ತೆ ಮೆಸೇಜುಗಳನ್ನು ತೆಗೆದು ಎರಡೂ ಫೈಲು ಹೋಲಿಸಿದ. ಒಂದಕ್ಷರವೂ ಬದಲಾಗಿರಲಿಲ್ಲ. "ಬದಲಾಗ್ಬಾರ್ದು ಅಣ್ಣಾ. ಇದು ಜಾಗ ಬದಲಿಸೋದು ಅಷ್ಟೇ, ಕೆಲಸ ಬದಲಿಸೋದಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ." ಕಂಪ್ಯೂಟರಿಗೆ ಇದರಿಂದ ಏನೂ ಲಾಭವಿಲ್ಲವಂತೆ, ಸಣ್ಣ ಫಂಕ್ಷನ್‌ಗಳನ್ನು ಅದು ಓಡಿಸುವಾಗ ತಾನಾಗಿಯೇ ಹೀಗೆ ಒಳಗೆ ಸೇರಿಸಿಕೊಳ್ಳುತ್ತದಂತೆ. ಲಾಭ ಓದುವವನಿಗೆ.

ಆ ಓದುವವನು ಅವತ್ತು ನಾನಾಗಿದ್ದೆ. ಈಗ ಪರದೆಯಲ್ಲಿ ಒಂದರ ಕೆಳಗೊಂದು ಸಾಲು ಕಾಣುತ್ತಿತ್ತು. ರೋಗಿಯ ಹೆಸರು ತೆಗೆದುಕೋ. ಸಂಕೇತವನ್ನು ಪಟ್ಟಿಯಲ್ಲಿ ನೋಡು. ಪಟ್ಟಿಯಲ್ಲಿ ಸಿಗದಿದ್ದರೆ 'ದಿನಕ್ಕೆ ಒಮ್ಮೆ' ಎಂದುಕೋ. ಮೆಸೇಜ್ ಕಳಿಸು.

"ಸಿಗದಿದ್ದರೆ ದಿನಕ್ಕೆ ಒಮ್ಮೆ ಅಂದರೇನು?" ಎಂದೆ.

"ಗೊತ್ತಿಲ್ಲದ್ದು ಬಂದ್ರೆ ದಿನಕ್ಕೊಂದು ಅಂತ ಹೋಗುತ್ತೆ. ನೀವೇ ಹೇಳಿದ್ರಲ್ಲ ಅಣ್ಣಾ, ಮೊದಲ ವರ್ಷ."

ಹೌದು, ನಾನೇ ಹೇಳಿದ್ದೆ. ಮೊದಲ ಪಟ್ಟಿಯಲ್ಲಿದ್ದವರೆಲ್ಲ ದಿನಕ್ಕೊಂದು ಬಿಪಿ ಮಾತ್ರೆಯವರು, ಇಲ್ಲವೇ ವಿಟಮಿನ್‌ನವರು. ಸ್ವಯಂಸೇವಕರು ಎಷ್ಟೋ ಕಡೆ ಸಂಕೇತ ಬರೆಯದೆ ಬಿಟ್ಟಿದ್ದರು. ಏನೂ ಬರೆದಿಲ್ಲವಾದರೆ ದಿನಕ್ಕೊಂದು ಹಾಕಿಬಿಡು ಎಂದವನು ನಾನು. ಅವನು ಹಾಕಿ, ಅದನ್ನು ಬೇರೆ ಫೈಲಿನಲ್ಲಿ ಒಂದು ಒಳ್ಳೆಯ ಹೆಸರಿನ ಫಂಕ್ಷನಿನೊಳಗೆ ಇಟ್ಟ. ಹೆಸರು ಎಷ್ಟು ಚೆನ್ನಾಗಿತ್ತೆಂದರೆ ಆಮೇಲೆ ನಾವಿಬ್ಬರೂ ಒಳಗೆ ಇಣುಕಲಿಲ್ಲ.

ಚಹಾ ಲೋಟ ಕೆಳಗಿಟ್ಟೆ. "ಪಟ್ಟಿಯಲ್ಲಿ ಇಲ್ಲದ ಸಂಕೇತ ಯಾರ್ಯಾರದ್ದು ಇದೆ, ತೆಗೆ" ಎಂದೆ.

ಮೂರು ಬಂದವು. ಎರಡು ಖಾಲಿ, ಎರಡೂ ದಿನಕ್ಕೊಂದರ ಬಿಪಿ ಮಾತ್ರೆಯೇ. ಮೂರನೆಯದರಲ್ಲಿ 'ವೀಕ್ಲಿ' ಎಂದಿತ್ತು. ಮಾತ್ರೆ ಮೆಥೋಟ್ರೆಕ್ಸೇಟ್.

ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಮೆಥೋಟ್ರೆಕ್ಸೇಟ್ ಕ್ಯಾನ್ಸರಿಗೂ ಕೊಡುವ ಔಷಧ. ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ, ಆದರೆ ವಾರಕ್ಕೆ ಒಂದೇ ದಿನ. ಅದನ್ನು ದಿನಾಲೂ ತೆಗೆದುಕೊಂಡರೆ ಬಾಯಿಯೆಲ್ಲ ಹುಣ್ಣಾಗುತ್ತದೆ, ಮೂಳೆ ಮಜ್ಜೆಯಲ್ಲಿ ರಕ್ತ ತಯಾರಾಗುವುದು ನಿಲ್ಲುತ್ತದೆ, ಜೀವ ಹೋದದ್ದೂ ಇದೆ. ಹೀಗೆ ಸತ್ತವರೆಲ್ಲ ಕಳ್ಳತನದಲ್ಲಿ ನುಂಗಿದವರಲ್ಲ. ಚೀಟಿಯಲ್ಲೋ ಲೇಬಲಿನಲ್ಲೋ 'ವಾರಕ್ಕೆ' ಎನ್ನುವುದು 'ದಿನಕ್ಕೆ' ಆಗಿ, ಹೇಳಿದಂತೆ ಕೇಳಿದವರು. ಅಮೆರಿಕದ ಐ.ಎಸ್.ಎಂ.ಪಿ. ಎಂಬ ಔಷಧ ಸುರಕ್ಷತಾ ಸಂಸ್ಥೆ ಆಸ್ಪತ್ರೆಗಳಿಗೆ 2014ರಿಂದಲೇ ಹೇಳುತ್ತಿದೆ: ಬಾಯಿಗೆ ಕೊಡುವ ಮೆಥೋಟ್ರೆಕ್ಸೇಟಿಗೆ ಕಂಪ್ಯೂಟರ್ ತಾನಾಗಿ ತುಂಬಿಸುವ ಉತ್ತರ 'ವಾರಕ್ಕೊಮ್ಮೆ' ಆಗಿರಬೇಕು ಎಂದು. ನಮ್ಮ ಪ್ರೋಗ್ರಾಮಿನ ಉತ್ತರ 'ದಿನಕ್ಕೆ ಒಮ್ಮೆ'. ಇಪ್ಪತ್ತು ವರ್ಷ ಔಷಧ ಕೊಟ್ಟವನು ಹೇಳಿ ಬರೆಸಿದ್ದು.

ಆ ಹೆಸರು ಪಟ್ಟಿಗೆ ಸೇರಿ ಐದು ದಿನವಾಗಿತ್ತು. ಮಂಗಳವಾರದಿಂದ ನಾಲ್ಕು ಮೆಸೇಜ್ ಹೋಗಿತ್ತು. ಸಲ್ಮಾಬಾದಿನಲ್ಲಿ ಇರುವ, ಕಾರ್ಕಳ ಕಡೆಯ ಡ್ರೈವರ್ ಒಬ್ಬರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹುಡುಗ ಮಾತಾಡದೆ ಮೊದಲು ಸರ್ವರಿನಲ್ಲಿ ಅವರ ಮೆಸೇಜ್ ನಿಲ್ಲಿಸಿದ. ಮೂರನೇ ಸಲಕ್ಕೆ ಎತ್ತಿದರು.

"ನಮಾಜಿಗೆ ಹೋಗಿದ್ದೆ ಮಾರಾಯ್ರೆ, ಏನು ಅರ್ಜೆಂಟು?"

ಮಾತ್ರೆ ಎಷ್ಟು ತೆಗೆದುಕೊಂಡಿರಿ ಎಂದು ಕೇಳಿದೆ.

"ಸೋಮವಾರ ನಾಲ್ಕು ತಕೊಂಡೆ, ಡಾಕ್ಟ್ರು ಹೇಳಿದ ಹಾಗೆ. ಮಂಗಳವಾರ ನಿಮ್ಮ ಮೆಸೇಜ್ ಬಂತು, ಪುನಃ ನಾಲ್ಕು ತಕೊಂಡೆ. ಬುಧವಾರ ಪುನಃ ಬಂತು. ಅಲ್ಲ, ಹೀಗಾದ್ರೆ ಡಬ್ಬಿ ಮುಗೀತದಲ್ಲ ಅಂತ ಡಬ್ಬಿ ನೋಡಿದೆ. ಅದ್ರ ಮೇಲೆ ಕೆಂಪು ಪೆನ್ನಿನಲ್ಲಿ 'ಸೋಮವಾರ ಮಾತ್ರ' ಅಂತ ಬರ್ದದ್ದುಂಟು. ನಿಮ್ಮದೇ ಅಕ್ಷರ. ಯಾವುದು ಸರಿ ಅಂತ ಗೊತ್ತಾಗದೆ ಬಿಟ್ಟೆ. ಶನಿವಾರ ಕೇಳುವಾ ಅಂತ ಇದ್ದೆ."

ಎರಡೂವರೆ ಮಿಲಿಗ್ರಾಮಿನ ಮಾತ್ರೆ, ಎರಡು ದಿನ ಸೇರಿ ಇಪ್ಪತ್ತು ಮಿಲಿಗ್ರಾಂ. ವಾರಕ್ಕೆ ಅಷ್ಟು ತೆಗೆದುಕೊಳ್ಳುವ ಸಂಧಿವಾತದ ರೋಗಿಗಳು ಇದ್ದಾರೆ ಎಂಬುದು ನನ್ನ ತಲೆಗೆ ತಕ್ಷಣ ಬಂತು, ಕಾಲಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಿ ಹುಣ್ಣಿದೆಯೇ, ಜ್ವರ ಇದೆಯೇ ಎಂದು ಕೇಳಿ, ಅವತ್ತು ಸಂಜೆಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಆಯಿತು. ವಾರ ಬಿಟ್ಟು ಇನ್ನೊಮ್ಮೆ ಆಯಿತು. ಎರಡೂ ಸರಿ ಇದ್ದವು. ದುಡ್ಡು ನಾನು ಕೊಡುತ್ತೇನೆಂದರೆ ಅವರು ಬೈದರು. "ನೀವು ಕೆಂಪು ಪೆನ್ನಿನಲ್ಲಿ ಬರೀದಿದ್ರೆ?" ಎಂದರು. ಅವರಿಗೆ ನಾನು ಮೆಸೇಜ್ ಕೂಡ ನನ್ನದೇ ಎಂದು ವಿವರಿಸಿದ್ದು ಪೂರ್ತಿ ಅರ್ಥವಾಯಿತೋ ಇಲ್ಲವೋ. ಮೆಸೇಜ್ ಕಂಪ್ಯೂಟರಿನದು, ಅಕ್ಷರ ನನ್ನದು ಎಂದೇ ಅವರ ಲೆಕ್ಕ.

ಆ ರಾತ್ರಿ ಹುಡುಗ ಮತ್ತೆ ಕುಳಿತ. ಈಗ ಮಾಡಿದ್ದು ಕೆಲಸ ಬದಲಿಸುವುದು, ಆದ್ದರಿಂದ ಬೇರೆಯಾಗಿ. 'ಸಿಗದಿದ್ದರೆ ದಿನಕ್ಕೆ ಒಮ್ಮೆ' ಎಂಬ ತುಂಡು ಹೋಯಿತು. ಪಟ್ಟಿಗೆ 'ವಾರಕ್ಕೊಮ್ಮೆ' ಸೇರಿತು, ಜೊತೆಗೆ ಯಾವ ವಾರ ಎಂದು ಕೇಳುವ ಜಾಗ. ಪಟ್ಟಿಯಲ್ಲಿ ಇಲ್ಲದ ಸಂಕೇತ ಬಂದರೆ ರೋಗಿಗೆ ಯಾವ ಮೆಸೇಜೂ ಹೋಗುವುದಿಲ್ಲ. ನನ್ನ ಫೋನಿಗೆ ಬರುತ್ತದೆ. ಇದನ್ನು ಬೇರೆ ಫಂಕ್ಷನ್ ಮಾಡಲಾ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೆಸೇಜ್ ಕಳಿಸುವ ಸಾಲಿನ ಮೇಲೆಯೇ ಇದೆ, ಯಾರು ತೆರೆದರೂ ಕಾಣುತ್ತದೆ.

ಇನ್ನೂ ಎರಡು ಸಹಾಯಕರನ್ನು ಅವನು ತೆಗೆದ. ಒಂದು ಹೆಸರಿನ ಮುಂದೆ 'ಶ್ರೀ' ಸೇರಿಸುತ್ತಿದ್ದದ್ದು, ಇನ್ನೊಂದು ಏನೂ ಮಾಡದೆ ಇನ್ನೊಂದನ್ನು ಕರೆಯುತ್ತಿದ್ದದ್ದು. ಬಹರೈನ್ ಗಂಟೆಯನ್ನು ಊರಿನ ಗಂಟೆಗೆ ಬದಲಿಸುವುದನ್ನು ಮಾತ್ರ ಉಳಿಸಿಕೊಂಡೆವು. ರಜೆಗೆ ಹೋದವರಿಗೆ ಎರಡೂವರೆ ಗಂಟೆ ತಪ್ಪಬಾರದಲ್ಲ. ಮೂರು ಕಡೆ ಅದು ಬೇಕು, ಆ ಅರ್ಧ ಗಂಟೆಯನ್ನು ಮೂರು ಕಡೆ ಸರಿಯಾಗಿ ಬರೆಯುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಈಗ ಆ ಪ್ರೋಗ್ರಾಂ ತಿಂಗಳಿಗೆ ಎರಡು ಮೂರು ಸಲ ನನ್ನನ್ನು ಎಬ್ಬಿಸುತ್ತದೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಬಂತು: 'ಅರ್ಥವಾಗದ ಸಂಕೇತ.' ತೆರೆದು ನೋಡಿದರೆ ಹಿದ್ದಿನ ಹೊಸ ಸ್ವಯಂಸೇವಕನೊಬ್ಬ ಕನ್ನಡ ಕೀಬೋರ್ಡಿನಲ್ಲಿ 'ಬಿಡಿ' ಎಂದು ಬರೆದಿದ್ದಾನೆ. ಸಕ್ಕರೆ ಕಾಯಿಲೆಯ ಮಾತ್ರೆ. ಎಬ್ಬಿಸಿ ಕೇಳಿದೆ: "ತಮ್ಮಾ, ಇದು ದಿನಕ್ಕೆರಡಾ, ಅಥವಾ ಡಾಕ್ಟರು ಮಾತ್ರೆ ಬಿಡಿ ಅಂದಿದ್ದಾರಾ?"

ಅವನು ನಿದ್ದೆಗಣ್ಣಿನಲ್ಲಿ, "ಚೀಟಿ ನೋಡಿ ಹೇಳ್ತೇನೆ, ಒಂದು ನಿಮಿಷ ಲೈನಲ್ಲಿರಿ ಅಣ್ಣ" ಎಂದ.

ಲೈನಿನಲ್ಲಿದ್ದೆ. ದಿನಕ್ಕೆರಡು.